ಬ್ಯಾಂಕಿನ ಪ್ರಾಜೆಕ್ಟ್ ರಿಪೋರ್ಟಿಗೆ ಹೊಸ ರಟ್ಟು ಹಾಕಿದರೆ ವೀಸಾದ ಬಿಸಿನೆಸ್ ಪ್ಲಾನ್ ಆಗುವುದಿಲ್ಲ

ಗೆ,
ಮೈಸೂರು ಮತ್ತು ಮಂಡ್ಯದ ವೀಸಾ ಸಲಹಾ ಕಚೇರಿಗಳ ಮಾಲೀಕರು ಹಾಗೂ ಅವರಿಗೆ ಬಿಸಿನೆಸ್ ಪ್ಲಾನ್ ತಯಾರಿಸಿಕೊಡುವ ಆಡಿಟರುಗಳು

ಪ್ರತಿ: ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ಮೈಸೂರು ಮತ್ತು ಮಂಡ್ಯ

ವಿಷಯ: ಉದ್ಯಮಿ ಮತ್ತು ಹೂಡಿಕೆದಾರರ ವೀಸಾ ಅರ್ಜಿಗಳಿಗೆ ಲಗತ್ತಿಸುವ ಬಿಸಿನೆಸ್ ಪ್ಲಾನ್‌ಗಳ ಬಗ್ಗೆ ದೂರು ಮತ್ತು ಮನವಿ

ಮಾನ್ಯರೇ,

ದೇವರಾಜ ಅರಸು ರಸ್ತೆಯಿಂದ ಕುವೆಂಪುನಗರದವರೆಗೆ, ಮಂಡ್ಯದ ವಿ.ವಿ. ರಸ್ತೆಯಲ್ಲೂ, ‘ಸ್ಟಡಿ, ವರ್ಕ್, ಪಿ.ಆರ್.’ ಎಂಬ ಬೋರ್ಡುಗಳ ಕೆಳಗೆ ಈಗ ಇನ್ನೊಂದು ಸಾಲು ಸೇರಿಕೊಂಡಿದೆ: ‘ಬಿಸಿನೆಸ್ ವೀಸಾ, ಪ್ಲಾನ್ ಸಮೇತ.’ ಆ ‘ಸಮೇತ’ದ ಬಗ್ಗೆಯೇ ನಮ್ಮ ತಕರಾರು. ಮದುವೆ ಛತ್ರಕ್ಕೆ ಪಾತ್ರೆ ಸಮೇತ ಬಾಡಿಗೆ ಗೊತ್ತು ಮಾಡಿದ ಹಾಗೆ, ವೀಸಾ ಕಡತಕ್ಕೆ ಪ್ಲಾನ್ ಸೇರಿಸಿ ಕೊಡಲಾಗುತ್ತಿದೆ. ಅರ್ಜಿದಾರರು ಅದನ್ನು ಓದದೆಯೇ ಕೊನೆಯ ಪುಟಕ್ಕೆ ಸಹಿ ಹಾಕುತ್ತಾರೆ. ತಿಂಗಳುಗಳ ನಂತರ ಸಂದರ್ಶನದಲ್ಲಿ ಅದೇ ಪ್ಲಾನಿನ ಮೂರನೇ ಕೋಷ್ಟಕದ ಬಗ್ಗೆ ಪ್ರಶ್ನೆ ಬಂದಾಗ ಅವರ ಬಳಿ ಉತ್ತರವಿರುವುದಿಲ್ಲ.

ಈ ಚಾಳಿ ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವಲ್ಲ. ನಮ್ಮ ಕಡೆ ‘ಪ್ರಾಜೆಕ್ಟ್ ರಿಪೋರ್ಟ್’ ಎಂದರೆ ಎಲ್ಲರಿಗೂ ಗೊತ್ತು. ಸ್ವಂತ ಉದ್ಯಮಕ್ಕೆಂದು ಸರ್ಕಾರದ ಯೋಜನೆಗಳಲ್ಲಿ ಸಿಗುವ ಪಿಎಂಇಜಿಪಿ ಸಾಲಕ್ಕೋ ಮುದ್ರಾ ಸಾಲಕ್ಕೋ ಆಡಿಟರ ಕಚೇರಿಯಲ್ಲಿ ಒಂದು ಎಕ್ಸೆಲ್ ಹಾಳೆ ಸದಾ ಸಿದ್ಧವಿರುತ್ತದೆ. ಹೆಸರು, ಯಂತ್ರದ ಕೊಟೇಶನ್, ಬಡ್ಡಿ ದರ ಬದಲಿಸಿದರೆ ಐದು ವರ್ಷದ ಲಾಭ–ನಷ್ಟ ತಾನಾಗಿ ತುಂಬಿಕೊಳ್ಳುತ್ತದೆ. ಮಾರಾಟ ವರ್ಷಕ್ಕೆ ಶೇ. 10ರಂತೆ ಏರುತ್ತದೆ, ಕಂತು ಕಟ್ಟುವ ಶಕ್ತಿ ತೋರಿಸುವ ಡಿಎಸ್‌ಸಿಆರ್ ಒಂದೂವರೆಗಿಂತ ಮೇಲೆ ನಿಲ್ಲುತ್ತದೆ, ಕೆಲಸ ಮುಗಿಯಿತು. ಇದನ್ನು ನಾವು ಹೀಗಳೆಯುತ್ತಿಲ್ಲ. ಬ್ಯಾಂಕಿನ ಪ್ರಶ್ನೆ ಒಂದೇ: ಸಾಲ ವಾಪಸು ಬರುತ್ತದೆಯೇ? ಅದಕ್ಕೆ ಆ ಹಾಳೆ ಉತ್ತರ ಕೊಡುತ್ತದೆ.

ವೀಸಾ ಅಧಿಕಾರಿ ಸಾಲ ಕೊಡುವವನಲ್ಲ, ಅವನ ಪ್ರಶ್ನೆಗಳೇ ಬೇರೆ. ಈ ಉದ್ಯಮ ನಿಜವಾಗಿ ಶುರುವಾಗುತ್ತದೆಯೇ, ಅಥವಾ ವಾಸದ ಪರವಾನಗಿಗೆ ಹಾಕಿದ ಮುಸುಕೇ? ನಡೆಸುವವರು ಇವರೇನಾ? ದುಡ್ಡು ಯಾರದು, ಯಾವ ದಾರಿಯಲ್ಲಿ ಬಂತು? ತನ್ನ ದೇಶಕ್ಕೆ ಇದರಿಂದ ಏನು ಸಿಗುತ್ತದೆ? ಪ್ಲಾನಿನ ಪ್ರತಿ ಅಂಕಿಯನ್ನೂ ಕಡತದ ಬೇರೆ ಕಾಗದಗಳ ಪಕ್ಕದಲ್ಲಿಟ್ಟು ನೋಡುವುದು ಅವನ ಕೆಲಸ. ಬ್ಯಾಂಕ್ ಸ್ಟೇಟ್‌ಮೆಂಟ್, ಅನುಭವ ಪತ್ರ, ಬಾಡಿಗೆ ಕರಾರು, ತೆರಿಗೆ ರಿಟರ್ನ್ ಇವುಗಳಲ್ಲಿ ಒಂದು ಪ್ಲಾನಿನೊಂದಿಗೆ ಹೊಂದದಿದ್ದರೂ ಮಿಕ್ಕವು ಅನುಮಾನಕ್ಕೆ ಗುರಿಯಾಗುತ್ತವೆ.

ಒಂದು ಮಾದರಿ ಬಿಡಿಸಿ ನೋಡೋಣ. ಮೈಸೂರಿನಿಂದ ಹೋಗುವ ಪ್ಲಾನ್‌ಗಳಲ್ಲಿ ದೋಸೆ ಹೋಟೆಲಿಗೆ ಬರವಿಲ್ಲ. ಬ್ರಿಟನ್ನಿನ ಊರೊಂದರಲ್ಲಿ 40 ಸೀಟಿನ ಹೋಟೆಲು ಅಂದುಕೊಳ್ಳಿ. ದಿನಕ್ಕೆ ಸೀಟೊಂದಕ್ಕೆ ಎರಡೂವರೆ ಗಿರಾಕಿ, ತಲಾ 11 ಪೌಂಡ್ ಬಿಲ್ಲು, ವರ್ಷಕ್ಕೆ 300 ದಿನ. ಗುಣಿಸಿದರೆ 3,30,000 ಪೌಂಡ್. ಆರು ಜನ ಕೆಲಸಗಾರರು, ತಲಾ ವಾರ್ಷಿಕ ಸಂಬಳ 18,000. ಬಾಡಿಗೆ, ದಿನಸಿ, ಕರೆಂಟು ಎಲ್ಲ ಕಳೆದು ಮೊದಲ ವರ್ಷವೇ 70,000 ಲಾಭ. ನೋಡಲು ಚೆಂದ.

ಈಗ ಅಲ್ಲಿನ ಕಾನೂನಿಟ್ಟು ಲೆಕ್ಕ ಹಾಕಿ. 2024ರ ಏಪ್ರಿಲ್‌ನಿಂದ ಅಲ್ಲಿ ವ್ಯಾಟ್ ನೋಂದಣಿಯ ಗಡಿ 90,000 ಪೌಂಡ್ ವಹಿವಾಟು. ಹೋಟೆಲಿನಲ್ಲಿ ಕೂತು ತಿನ್ನುವ ಊಟಕ್ಕೆ ವ್ಯಾಟ್ ಶೇ. 20. ಗಿರಾಕಿ ಕೊಟ್ಟ ಬಿಲ್ಲಿನಲ್ಲಿ ಆರನೇ ಒಂದು ಪಾಲು, ಅಂದರೆ 55,000 ಪೌಂಡ್, ಸರ್ಕಾರದ್ದು. ನಮ್ಮ ಹೋಟೆಲುಗಳ ಶೇ. 5 ಜಿಎಸ್‌ಟಿ ತಲೆಯಲ್ಲಿಟ್ಟುಕೊಂಡು ಬರೆದವರಿಗೆ ಇದು ಹೊಳೆಯುವುದೇ ಇಲ್ಲ. ಅಕ್ಕಿ, ಬೇಳೆ, ತರಕಾರಿಗೆ ಅಲ್ಲಿ ವ್ಯಾಟ್ ಸೊನ್ನೆಯಾದ್ದರಿಂದ ಖರೀದಿಯ ಮೇಲೆ ಹಿಂಪಡೆಯಲು ಸಿಗುವುದೂ ಕಡಿಮೆ. ಇನ್ನು ಸಂಬಳ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ 21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ ಸುಮಾರು 25,400. ಅದರ ಮೇಲೆ ಮಾಲೀಕ ಕಟ್ಟಬೇಕಾದ ರಾಷ್ಟ್ರೀಯ ವಿಮೆ, 5,000 ಪೌಂಡಿನ ಮೇಲಿನ ಮೊತ್ತಕ್ಕೆ ಶೇ. 15. ಸಣ್ಣ ಉದ್ಯಮಕ್ಕೆ ಸಿಗುವ 10,500 ಪೌಂಡಿನ ರಿಯಾಯಿತಿ ಕಳೆದರೂ ಆರು ಜನರ ಖರ್ಚು 1,60,000 ದಾಟುತ್ತದೆ. ಪ್ಲಾನಿನಲ್ಲಿ ಇದ್ದದ್ದು 1,08,000. ಎರಡು ತಪ್ಪು ಸೇರಿ 1,07,000 ಪೌಂಡಿನ ಹಳ್ಳ. 70,000 ಲಾಭವೆಂದದ್ದು 37,000 ನಷ್ಟವಾಗಿ ನಿಲ್ಲುತ್ತದೆ. ಇಷ್ಟು ಕೂಡಿ ಕಳೆಯಲು ಅಲ್ಲಿನ ಪರಿಶೀಲಕನಿಗೆ ಹತ್ತು ನಿಮಿಷ ಸಾಕು. ಕನಿಷ್ಠ ಕೂಲಿಗಿಂತ ಕಡಿಮೆ ಸಂಬಳ ಬರೆದುಕೊಟ್ಟ ಪ್ಲಾನ್, ‘ನಾನು ನಿಮ್ಮ ಕಾನೂನು ಮುರಿಯುತ್ತೇನೆ’ ಎಂದು ಮೊದಲೇ ಬರೆದುಕೊಟ್ಟಂತೆಯೇ.

ಲೆಕ್ಕ ಸರಿಪಡಿಸಿದರೂ ಆ ಪ್ಲಾನ್ ಅಲ್ಲಿ ಓಡುವುದಿಲ್ಲ. 2023ರ ಏಪ್ರಿಲ್ 13ರಿಂದ ಬ್ರಿಟನ್ನಿನಲ್ಲಿರುವುದು ಇನ್ನೊವೇಟರ್ ಫೌಂಡರ್ ಮಾರ್ಗ. ಹಿಂದಿದ್ದ 50,000 ಪೌಂಡ್ ಬಂಡವಾಳದ ಷರತ್ತು ಹೋಯಿತು ನಿಜ, ಆದರೆ ಅಲ್ಲಿನ ಗೃಹ ಇಲಾಖೆ ಒಪ್ಪಿದ ಅನುಮೋದನಾ ಸಂಸ್ಥೆಯ ಪತ್ರ ಬೇಕೇ ಬೇಕು. ಆ ಸಂಸ್ಥೆ ನೋಡುವುದು ಮೂರು: ಹೊಸತನವಿದೆಯೇ, ನಡೆಯುವಂಥದ್ದೇ, ಬೆಳೆಯುವಂಥದ್ದೇ. ಮಾರುಕಟ್ಟೆಯಲ್ಲಿ ಈಗಾಗಲೇ ಇರುವುದಕ್ಕೆ ಇನ್ನೊಂದನ್ನು ಸೇರಿಸಿದರೆ ಹೊಸತನವಾಗದು. ಮೈಸೂರು ಮಸಾಲೆ ದೋಸೆ ಎಷ್ಟೇ ರುಚಿಯಿದ್ದರೂ ಅಷ್ಟೇ! ಆಲೋಚನೆ ಅರ್ಜಿದಾರರದೇ ಆಗಿರಬೇಕು, ಇಲ್ಲವೇ ಅದರಲ್ಲಿ ಅವರ ದೊಡ್ಡ ಪಾಲಿರಬೇಕು, ದಿನನಿತ್ಯದ ವ್ಯವಹಾರವನ್ನೂ ಅವರೇ ನೋಡಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ವೀಸಾ ಸಿಕ್ಕ ಮೇಲೂ ಕನಿಷ್ಠ ಎರಡು ಬಾರಿ, ಸಾಮಾನ್ಯವಾಗಿ 12 ಮತ್ತು 24 ತಿಂಗಳಿಗೆ, ಅದೇ ಸಂಸ್ಥೆಯ ಮುಂದೆ ಕೂತು ಪ್ಲಾನಿನಲ್ಲಿ ಹೇಳಿದ್ದರಲ್ಲಿ ಎಷ್ಟಾಯಿತು ಎಂದು ತೋರಿಸಬೇಕು. ಬೇರೆಯವರು ಬರೆದುಕೊಟ್ಟ ಪ್ಲಾನ್ ಆಗ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಮಂಡ್ಯದ ಕಡೆಯಿಂದ ಬರುವುದು ಬೆಲ್ಲದ ಪ್ಲಾನ್. ಜರ್ಮನಿಯಲ್ಲಿ ಸಾವಯವ ಬೆಲ್ಲದ ಪುಡಿ ಮಾರುವುದು, ಹ್ಯಾಂಬರ್ಗ್ ಬಂದರಿನಲ್ಲಿ ಇಳಿಸುವುದು, ವರ್ಷದ ಹನ್ನೆರಡು ತಿಂಗಳೂ ತಿಂಗಳಿಗೆ 20 ಟನ್. ಆಲೋಚನೆ ಕೆಟ್ಟದ್ದೇನಲ್ಲ. ಆದರೆ ಬರೆದವರು ಒಂದು ಸಲವಾದರೂ ಆಲೆಮನೆಯೊಳಗೆ ಕಾಲಿಟ್ಟಿದ್ದಾರೆಯೇ ಎಂಬ ಅನುಮಾನ ಮೊದಲ ಕೋಷ್ಟಕದಲ್ಲೇ ಬರುತ್ತದೆ. ಒಂದು ಟನ್ ಕಬ್ಬಿಗೆ ಬರುವ ಬೆಲ್ಲ ನೂರರಿಂದ ನೂರಿಪ್ಪತ್ತು ಕಿಲೋ. 20 ಟನ್ ಬೆಲ್ಲಕ್ಕೆ ಸುಮಾರು 200 ಟನ್ ಕಬ್ಬು, ಅದೂ ಪ್ರತಿ ತಿಂಗಳು. ಮಳೆಗಾಲದಲ್ಲಿ ಒಲೆಗೆ ಹಾಕುವ ಸಿಪ್ಪೆಯೇ ಒಣಗುವುದಿಲ್ಲ, ಕಬ್ಬು ಅರೆಯುವ ಪ್ರಮಾಣ ಅರ್ಧಕ್ಕೆ ಇಳಿಯುವುದೂ ಉಂಟು. ಪ್ಲಾನಿನಲ್ಲಿ ಮಾತ್ರ ಜುಲೈಯೂ ಜನವರಿಯೂ ಒಂದೇ.

ಇನ್ನೂ ಸೂಕ್ಷ್ಮವಾದದ್ದು ಬಣ್ಣ. ಹೊಂಬಣ್ಣ ಬರಲೆಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಆಲೆಮನೆಗಳು ಎಷ್ಟೋ ಇವೆ. ಹಾಗೆ ಮಾಡಿದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿದಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಅದು ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಅಲರ್ಜಿಕಾರಕ ಎಂದು ಲೇಬಲ್ಲಿನ ಮೇಲೆ ಬರೆಯಲೇಬೇಕು, ಸಾವಯವ ಎನ್ನುವ ಮಾತಂತೂ ದೂರ. ಆದ್ದರಿಂದ ಆ ಪ್ಲಾನಿಗೆ ಬೇಕಾದ್ದು ‘ಜರ್ಮನಿಯಲ್ಲಿ ಆರೋಗ್ಯ ಜಾಗೃತಿ ಹೆಚ್ಚುತ್ತಿದೆ’ ಎಂಬ ನಾಲ್ಕು ಪುಟವಲ್ಲ. ಯಾವ ಆಲೆಮನೆಗಳು, ಅವುಗಳ ಸಾವಯವ ಪ್ರಮಾಣಪತ್ರ, ಪ್ರತಿ ಬ್ಯಾಚಿನ ಪ್ರಯೋಗಾಲಯ ವರದಿ, ತೇವಾಂಶ ಹೀರಿ ಪುಡಿ ಗಂಟುಕಟ್ಟದಂತೆ ಯಾವ ಚೀಲ, ಅಲ್ಲಿ ಕೊಳ್ಳುವ ಸಗಟು ವ್ಯಾಪಾರಿ ಯಾರು, ಯಾವ ದರಕ್ಕೆ ಒಪ್ಪಿ ಪತ್ರ ಕೊಟ್ಟಿದ್ದಾನೆ. ಈ ಆರು ಕಾಗದ ಇದ್ದರೆ ಪ್ಲಾನ್ ಹನ್ನೆರಡು ಪುಟವಾದರೂ ಸಾಕು.

ಜರ್ಮನಿಯ ನಿವಾಸ ಕಾಯ್ದೆಯ 21ನೇ ಕಲಂ ಕೇಳುವುದೂ ಅದನ್ನೇ: ಆರ್ಥಿಕ ಹಿತಾಸಕ್ತಿ ಅಥವಾ ಆ ಪ್ರದೇಶದ ಅಗತ್ಯ, ಆರ್ಥಿಕತೆಗೆ ಒಳ್ಳೆಯ ಪರಿಣಾಮ, ಸ್ವಂತ ಬಂಡವಾಳದಿಂದಲೋ ಸಾಲದ ಖಾತರಿಯಿಂದಲೋ ಹೊಂದಿಸಿದ ಹಣ. ಇದರ ಬಗ್ಗೆ ಸ್ಥಳೀಯ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯ ಅಭಿಪ್ರಾಯ ಕೇಳುತ್ತಾರೆ, ಅಂದರೆ ಪ್ಲಾನ್ ಓದುವವರು ಆ ಊರಿನ ವ್ಯಾಪಾರ ಬಲ್ಲವರು. 45 ದಾಟಿದ ಅರ್ಜಿದಾರರು ವೃದ್ಧಾಪ್ಯದ ಪಿಂಚಣಿ ವ್ಯವಸ್ಥೆಯನ್ನೂ ತೋರಿಸಬೇಕು. ಇದನ್ನು ಪ್ಲಾನಿನ ಖರ್ಚಿನಲ್ಲಿ ಸೇರಿಸಿದವರನ್ನು ಹುಡುಕಬೇಕಷ್ಟೆ. ಜಪಾನ್ ಇನ್ನೂ ಬಿಗಿ ಮಾಡಿದೆ. 2025ರ ಅಕ್ಟೋಬರ್ 16ರಿಂದ ಬಿಸಿನೆಸ್ ಮ್ಯಾನೇಜರ್ ವೀಸಾಕ್ಕೆ ಬಂಡವಾಳ 50 ಲಕ್ಷ ಯೆನ್‌ನಿಂದ 3 ಕೋಟಿ ಯೆನ್‌ಗೆ ಏರಿತು, ಒಬ್ಬ ಪೂರ್ಣಾವಧಿ ನೌಕರ ಇರಲೇಬೇಕು, ಮತ್ತು ಪ್ಲಾನನ್ನು ಅಲ್ಲಿನ ಲೆಕ್ಕಪರಿಶೋಧಕ, ತೆರಿಗೆ ತಜ್ಞ ಅಥವಾ ಸಣ್ಣ ಉದ್ಯಮ ಸಲಹೆಗಾರ ಪರಿಶೀಲಿಸಿರಬೇಕು. ಸಿದ್ಧ ಪ್ಲಾನ್ ಮಾರುವ ದಂಧೆ ಅವರಿಗೂ ಗೊತ್ತಾಗಿದೆ ಎಂದೇ ನಮ್ಮ ಊಹೆ.

ಅಮೆರಿಕದ ವಿಷಯದಲ್ಲಿ ನಿಮ್ಮ ಕರಪತ್ರಗಳಲ್ಲಿ ಕಾಣುವ ಒಂದು ತಪ್ಪನ್ನು ಮೊದಲು ಅಳಿಸಬೇಕು. ಇ-2 ಹೂಡಿಕೆದಾರ ವೀಸಾ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿಲ್ಲ. ಒಪ್ಪಂದವಿರುವ ಗ್ರೆನಡಾ ದೇಶದ ಪೌರತ್ವ ಕೊಂಡು ಅಲ್ಲಿಂದ ಹಾಕಬಹುದು ಎನ್ನುವವರು ಎರಡು ಮಾತು ಮರೆಮಾಚುತ್ತಾರೆ. ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕು ಎಂಬ ಕಾನೂನು 2022ರ ಡಿಸೆಂಬರ್‌ನಲ್ಲಿ ಬಂದಿದೆ. ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವವೂ ಹೋಗುತ್ತದೆ. ಬ್ರಿಟನ್ನಿನ ಹೂಡಿಕೆದಾರ ವೀಸಾ 2022ರ ಫೆಬ್ರವರಿ 17ರಂದು, ಐರ್ಲೆಂಡಿನದು 2023ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾದ 188 ಉಪವರ್ಗ 2024ರ ಜುಲೈನಲ್ಲಿ, ಸ್ಪೇನಿನ ಗೋಲ್ಡನ್ ವೀಸಾ 2025ರ ಏಪ್ರಿಲ್‌ನಲ್ಲಿ ಮುಚ್ಚಿವೆ. ಅವುಗಳ ಹೆಸರು ಗೋಡೆಯ ಮೇಲೆ ಇನ್ನೂ ನೇತಾಡುತ್ತಿರಬಾರದು.

ಉಳಿದ ದೊಡ್ಡ ದಾರಿ, ಹಣ ಹೂಡಿದವರಿಗೆ ಅಮೆರಿಕ ಗ್ರೀನ್ ಕಾರ್ಡ್ ಕೊಡುವ ಇಬಿ-5. 2022ರ ಮಾರ್ಚ್ 15ರ ಕಾನೂನಿನಂತೆ ಹೂಡಿಕೆ 10,50,000 ಡಾಲರ್. ಗ್ರಾಮೀಣ ಅಥವಾ ಹೆಚ್ಚು ನಿರುದ್ಯೋಗದ ಪ್ರದೇಶವಾದರೆ 8,00,000. ಹತ್ತು ಪೂರ್ಣಾವಧಿ ಉದ್ಯೋಗ ಸೃಷ್ಟಿಯಾಗಬೇಕು, ಪೂರ್ಣಾವಧಿ ಎಂದರೆ ವಾರಕ್ಕೆ ಕನಿಷ್ಠ 35 ಗಂಟೆ. ಇಲ್ಲಿ ಪ್ಲಾನ್ ಹೇಗಿರಬೇಕೆಂದು 1998ರ ‘ಮ್ಯಾಟರ್ ಆಫ್ ಹೋ’ ತೀರ್ಪು ಹೆಸರಿಟ್ಟು ಹೇಳಿದೆ: ಮಾರುಕಟ್ಟೆ ವಿಶ್ಲೇಷಣೆ, ಪ್ರತಿಸ್ಪರ್ಧಿಗಳ ಹೋಲಿಕೆ, ಪಡೆದ ಮತ್ತು ಪಡೆಯಬೇಕಾದ ಪರವಾನಗಿ, ಉತ್ಪಾದನಾ ಕ್ರಮ, ಸಿಬ್ಬಂದಿಯ ಅನುಭವ, ಪ್ರತಿ ಹುದ್ದೆಯ ಕೆಲಸ, ಯಾವ ತಿಂಗಳು ಯಾರನ್ನು ನೇಮಿಸುವುದು, ಆದಾಯ–ವೆಚ್ಚದ ಅಂದಾಜು ಮತ್ತು ಅದರ ಆಧಾರ. ಎಲ್ಲಕ್ಕಿಂತ ಮುಖ್ಯವಾಗಿ ನಂಬುವಂತಿರಬೇಕು.

ಆ ನಂಬಿಕೆ ನಮ್ಮ ಊರಿನಲ್ಲಿ ಮುರಿಯುವುದು ದುಡ್ಡಿನ ಪುಟದಲ್ಲಿ. ‘ಅನುಮತಿ ಸಿಕ್ಕ ಎರಡು ತಿಂಗಳೊಳಗೆ 8 ಲಕ್ಷ ಡಾಲರ್ ಹಾಕುತ್ತೇವೆ’ ಎಂದು ಪ್ಲಾನ್ ಹೇಳುತ್ತದೆ. ಏಳು ಕೋಟಿ ರೂಪಾಯಿಯ ಆಸುಪಾಸಿನ ಮಾತು. ವಿದೇಶಕ್ಕೆ ಹಣ ಕಳಿಸಲು ಇರುವ ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ ಕಳಿಸಬಹುದಾದ್ದು 2,50,000 ಡಾಲರ್. ಮಾರ್ಚ್ ಕೊನೆಗೊಂದು, ಏಪ್ರಿಲ್ ಮೊದಲಿಗೊಂದು ಕಳಿಸಿದರೂ 5 ಲಕ್ಷ. ‘ಹೆಂಡತಿ, ಅಪ್ಪ, ಅಮ್ಮನ ಮಿತಿ ಸೇರಿಸೋಣ ಬಿಡಿ’ ಎಂಬ ಸಲಹೆ ಬರುತ್ತದೆ. ಆದರೆ ಹೂಡಿಕೆಯಂಥ ಬಂಡವಾಳ ವ್ಯವಹಾರದಲ್ಲಿ ಅವರು ಸಹಮಾಲೀಕರೋ ಪಾಲುದಾರರೋ ಆಗಿರದಿದ್ದರೆ ಮಿತಿ ಒಟ್ಟುಗೂಡಿಸಲು ಆರ್‌ಬಿಐ ಬಿಡುವುದಿಲ್ಲ. ಅದಕ್ಕಾಗಿ ಬ್ಯಾಂಕು ಸಾಲ ಕೊಡುವಂತೆಯೂ ಇಲ್ಲ. ಹೀಗೆ ಕಳಿಸುವ ಹಣದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಕಳಿಸುವ ದಿನ ಆ ನಗದು ಕೈಯಲ್ಲಿರಬೇಕಲ್ಲ. ಪ್ಲಾನಿನ ನಗದು ಹರಿವಿನಲ್ಲಿ ಇದಕ್ಕೊಂದು ಸಾಲೇ ಇರುವುದಿಲ್ಲ. ಸ್ವಂತ ವಿದೇಶಿ ಕಂಪನಿಗೆ ಹಣ ಹಾಕುವವರಿಗೆ 2022ರ ಆಗಸ್ಟ್‌ನ ವಿದೇಶಿ ಹೂಡಿಕೆ ನಿಯಮಗಳಿವೆ: ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ, ಆಮೇಲೆ ವಾರ್ಷಿಕ ವರದಿ.

ಇನ್ನು ಮೂಲ. ಹಣ ಬರುವುದು ಬಹುಪಾಲು ಜಮೀನು ಅಥವಾ ಸೈಟು ಮಾರಿದ್ದರಿಂದ. ರಿಂಗ್ ರಸ್ತೆಯಾಚೆಯ ಸೈಟಿನ ಮಾತು 90 ಲಕ್ಷಕ್ಕೆ ಆಗಿ, ಕ್ರಯಪತ್ರ 40 ಲಕ್ಷಕ್ಕೆ ನೋಂದಾಯಿತವಾದರೆ, ವೀಸಾ ಕಡತಕ್ಕೆ ಇರುವುದು 40 ಲಕ್ಷವೇ. ಉಳಿದ 50 ಲಕ್ಷ ಕಪಾಟಿನಲ್ಲಿ ಇರಬಹುದು, ಕಾಗದದಲ್ಲಿ ಇಲ್ಲ. ಅದನ್ನು ‘ಕೃಷಿ ಆದಾಯ’ ಎಂದು ತೋರಿಸುವ ಜಾಣತನಕ್ಕೆ ಪಹಣಿಯೇ ಅಡ್ಡ ನಿಲ್ಲುತ್ತದೆ: ಎರಡು ಎಕರೆ ರಾಗಿ ಹೊಲದಲ್ಲಿ 50 ಲಕ್ಷ ಬೆಳೆಯುವುದಿಲ್ಲ. ಅವಿಭಕ್ತ ಕುಟುಂಬದ ಜಮೀನಾದರೆ ವಿಭಾಗಪತ್ರ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ, ಕ್ರಯಪತ್ರ, ಹಣ ಜಮೆಯಾದ ಬ್ಯಾಂಕ್ ಪುಟ, ಎಲ್ಲದರ ದೃಢೀಕೃತ ಇಂಗ್ಲಿಷ್ ಅನುವಾದ. ‘ಖಾತೆ’ ಎಂಬುದನ್ನು ಒಂದು ಕಡೆ ಬ್ಯಾಂಕ್ ಖಾತೆ, ಇನ್ನೊಂದು ಕಡೆ ಆಸ್ತಿ ಖಾತೆ ಎಂದು ಬೇಕಾಬಿಟ್ಟಿ ಅನುವಾದಿಸಿದ ಕಡತ ಓದುವ ಅಮೆರಿಕದ ಅಧಿಕಾರಿಯ ಪಾಡು ಊಹಿಸಿಕೊಳ್ಳಿ. ಅಪ್ಪ ಮಗನಿಗೆ ದಾನ ಕೊಟ್ಟ ಹಣವಾದರೆ ಅಪ್ಪನ ಮೂಲವನ್ನೂ ಅಷ್ಟೇ ಬಿಚ್ಚಿಡಬೇಕು.

ಹೆಬ್ಬಾಳ, ಮೇಟಗಳ್ಳಿ, ನಂಜನಗೂಡಿನಲ್ಲಿ ಈಗಾಗಲೇ ಕಾರ್ಖಾನೆ ನಡೆಸುವವರಿಗೆ ಇದಕ್ಕಿಂತ ಸಲೀಸಾದದ್ದು ಅಮೆರಿಕದ ಎಲ್-1ಎ ಹೊಸ ಕಚೇರಿ ಮಾರ್ಗ, ಅಂದರೆ ತಮ್ಮ ಕಂಪನಿಯ ಶಾಖೆ ತೆರೆಯಲು ವ್ಯವಸ್ಥಾಪಕರಾಗಿ ಹೋಗುವ ವೀಸಾ, ಇರಬಹುದು. ಹಿಂದಿನ ಮೂರು ವರ್ಷದಲ್ಲಿ ಒಂದು ವರ್ಷ ಇಲ್ಲಿನ ಕಂಪನಿಯಲ್ಲಿ ವ್ಯವಸ್ಥಾಪಕ ಹುದ್ದೆಯಲ್ಲಿದ್ದು, ಅಲ್ಲಿ ಜಾಗ ಗೊತ್ತು ಮಾಡಿ, ಒಂದು ವರ್ಷದೊಳಗೆ ಆ ಕಚೇರಿ ಒಬ್ಬ ವ್ಯವಸ್ಥಾಪಕನನ್ನು ಪೋಷಿಸುವಷ್ಟು ಬೆಳೆಯುತ್ತದೆ ಎಂದು ತೋರಿಸಬೇಕು. ಇಲ್ಲಿ ಪ್ಲಾನ್ ಮೊದಲ ಹನ್ನೆರಡು ತಿಂಗಳನ್ನು ತಿಂಗಳು ತಿಂಗಳಾಗಿ ಹೇಳಬೇಕು. ಹತ್ತು ವರ್ಷದ ಕನಸು ಇಲ್ಲಿ ಕೆಲಸಕ್ಕೆ ಬಾರದು. ಈ ದಾರಿಯನ್ನು ಗಿರಾಕಿಗೆ ಹೇಳದೆ ಇಬಿ-5 ಮಾತ್ರ ತೋರಿಸುವುದು ಯಾವ ಲೆಕ್ಕ? ಕಮಿಷನ್ನಿನ ಲೆಕ್ಕವಲ್ಲದೆ ಬೇರೆ ಉತ್ತರವಿದ್ದರೆ ತಿಳಿಸಿ.

ತಪ್ಪಿದರೆ ಹೊರೆ ಹೊರುವವರು ನೀವಲ್ಲ. ಸುಳ್ಳು ಮಾಹಿತಿಗೆ ಕೆನಡಾ ಐದು ವರ್ಷ ಬಾಗಿಲು ಹಾಕುತ್ತದೆ, ವಂಚನೆಗೆ ಬ್ರಿಟನ್ ಹತ್ತು ವರ್ಷದವರೆಗೆ. ಅಮೆರಿಕದಲ್ಲಿ ಅದು ಜೀವನಪರ್ಯಂತದ ಅನರ್ಹತೆ. ‘ಏಜೆಂಟ್ ಬರೆದದ್ದು ಸ್ವಾಮಿ, ನನಗೆ ಗೊತ್ತಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಸಹಿ ಅರ್ಜಿದಾರರದು.

ಆದ್ದರಿಂದ ಸಲಹಾ ಕಚೇರಿಗಳಲ್ಲಿ ನಮ್ಮ ಮನವಿ ಇಷ್ಟು. ಪ್ಲಾನ್ ಬರೆಯುವ ಮೊದಲು ಅರ್ಜಿದಾರರನ್ನು ಕನಿಷ್ಠ ಎರಡು ದಿನ ಕೂರಿಸಿಕೊಂಡು ಅವರ ವ್ಯವಹಾರ ಕೇಳಿ. ಪ್ರತಿ ಅಂದಾಜಿಗೂ ಆಧಾರದ ಹಾಳೆ ಇಡಿ: ಬಾಡಿಗೆ ಎಲ್ಲಿಂದ ತಿಳಿಯಿತು, ಕೂಲಿ ದರ ಯಾವ ದಿನದ್ದು, ಗಿರಾಕಿಯ ಪತ್ರ ಎಲ್ಲಿದೆ. ‘ಆ ದೇಶದಲ್ಲಿ ಇಷ್ಟು ಲಕ್ಷ ಭಾರತೀಯರಿದ್ದಾರೆ, ಶೇ. 1ರಷ್ಟು ಬಂದರೂ ಸಾಕು’ ಎಂಬ ವಾಕ್ಯವನ್ನು ನಿಮ್ಮ ಕಂಪ್ಯೂಟರಿನಿಂದಲೇ ಅಳಿಸಿಬಿಡಿ. ಹಳೇ ಗಿರಾಕಿಯ ಊರಿನ ಹೆಸರು ಹದಿನಾಲ್ಕನೇ ಪುಟದಲ್ಲಿ ಹಾಗೇ ಉಳಿದಿರುವ ಪ್ಲಾನ್‌ಗಳು ಇನ್ನು ಹೊರಬೀಳದಿರಲಿ. ಮುಗಿದ ಮೇಲೆ ಪಿಡಿಎಫ್ ಮಾತ್ರವಲ್ಲ, ಸೂತ್ರಗಳಿರುವ ಎಕ್ಸೆಲ್ ಹಾಳೆಯನ್ನೂ ಅವರ ಕೈಗೆ ಕೊಟ್ಟು, ಅವರೇ ಕನ್ನಡದಲ್ಲಿ ಅರ್ಧ ಗಂಟೆ ಪ್ಲಾನ್ ವಿವರಿಸಲು ಹೇಳಿ. ಆಗದಿದ್ದರೆ ಅರ್ಜಿ ಹಾಕಬೇಡಿ. ಅರ್ಜಿಯನ್ನು ಪ್ರತಿನಿಧಿಸುವವರು ಯಾರೆಂಬುದೂ ಕರಾರಿನಲ್ಲಿ ಇರಲಿ. ಕೆನಡಾಕ್ಕೆ ಅಲ್ಲಿನ ವಕೀಲರು ಅಥವಾ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಇರುವವರು, ಅಮೆರಿಕಕ್ಕೆ ಅಲ್ಲಿನ ವಕೀಲರು: ಹೆಸರು ಮತ್ತು ಪರವಾನಗಿ ಸಂಖ್ಯೆ ಬರೆದು ಕೊಡಿ. ಪ್ಲಾನಿನ ಶುಲ್ಕ, ವೀಸಾ ಸಲಹೆಯ ಶುಲ್ಕ, ಸರ್ಕಾರದ ಶುಲ್ಕ ಮೂರಕ್ಕೂ ಬೇರೆ ಬೇರೆ ರಸೀದಿ ಕೊಡಿ.

ಜಂಟಿ ನಿರ್ದೇಶಕರೇ, ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಉದ್ಯಮ ವೀಸಾದ ಸಲಹೆ ಆ ಬಲೆಗೆ ಬೀಳುವುದಿಲ್ಲ. ಪಂಜಾಬ್ 2012ರಲ್ಲೇ ಇಂಥ ಸಲಹೆಗಾರರಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ತಂದಿದೆ. ಕಾನೂನು ತರುವುದು ನಿಮ್ಮ ಕೈಯಲ್ಲಿಲ್ಲ ಎಂಬುದು ನಮಗೂ ಗೊತ್ತು. ಆದರೆ ಪಿಎಂಇಜಿಪಿ ಫಲಾನುಭವಿಗಳಿಗೆ ಪ್ರಾಜೆಕ್ಟ್ ರಿಪೋರ್ಟಿನ ಬಗ್ಗೆ ತಿಳಿಹೇಳುವ ನಿಮ್ಮ ಕಚೇರಿ, ಮೂರು ತಿಂಗಳಿಗೊಮ್ಮೆ ಅರ್ಧ ದಿನ ಇದಕ್ಕೂ ಮೀಸಲಿಡಬಹುದು: ವಿದೇಶಿ ವಿನಿಮಯ ನೋಡುವ ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ಲೆಕ್ಕಪರಿಶೋಧಕ, ಒಂದು ಕನ್ನಡದ ಪರಿಶೀಲನಾ ಪಟ್ಟಿ. ಅದರ ಕರಡು ನಮ್ಮಲ್ಲಿ ಸಿದ್ಧವಿದೆ. ದಿನ ಗೊತ್ತು ಮಾಡಿದರೆ ತಂದೊಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಉದ್ಯಮ ವೀಸಾ ಕಡತಗಳ ಕೆಲಸ ಬಲ್ಲ ಮೈಸೂರು–ಮಂಡ್ಯದ ಕೆಲವರು